ಕೇಳಿದ್ದು ಬೇರೆ, ಬರೆದಿಟ್ಟುಕೊಂಡದ್ದು ಬೇರೆ

2010ರ ಮೇ 14ರಂದು ಗೂಗಲ್ ಒಂದು ತಪ್ಪೊಪ್ಪಿಗೆ ಪ್ರಕಟಿಸಿತು. ಸ್ಟ್ರೀಟ್ ವ್ಯೂಗಾಗಿ ಬೀದಿ ಬೀದಿ ಸುತ್ತುತ್ತಿದ್ದ ಅದರ ಕಾರುಗಳು ಮನೆಗಳ ಚಿತ್ರದ ಜೊತೆಗೆ ಆ ಮನೆಗಳ ವೈಫೈನಲ್ಲಿ ಹರಿಯುತ್ತಿದ್ದ ಮಾಹಿತಿಯನ್ನೂ ಹಿಡಿದಿಟ್ಟುಕೊಂಡಿದ್ದವು. ಮೂವತ್ತಕ್ಕೂ ಹೆಚ್ಚು ದೇಶಗಳಿಂದ ಸುಮಾರು 600 ಗಿಗಾಬೈಟ್. ಅಂಥದ್ದೇನನ್ನೂ ಸಂಗ್ರಹಿಸುತ್ತಿಲ್ಲ ಎಂದು ಅದೇ ಕಂಪನಿ ಏಪ್ರಿಲ್ ಕೊನೆಯಲ್ಲಿ ಹೇಳಿತ್ತು. ಜರ್ಮನಿಯ ಹ್ಯಾಂಬರ್ಗ್‌ನ ದತ್ತಾಂಶ ರಕ್ಷಣಾ ಅಧಿಕಾರಿಗಳು ಬೆನ್ನು ಬಿಡದೆ ಕೇಳಿದ್ದರಿಂದಲೇ ಸತ್ಯ ಹೊರಬಿತ್ತು.

ವೈಫೈ ಜಾಲಗಳನ್ನು ಅಲೆದಾಡುತ್ತ ಪತ್ತೆಹಚ್ಚುವ ‘ವಾರ್‌ಡ್ರೈವಿಂಗ್’ ಸರಿಯೋ ತಪ್ಪೋ ಎಂಬ ಚರ್ಚೆ ಇಪ್ಪತ್ತೈದು ವರ್ಷ ಹಳೆಯದು. ಹವ್ಯಾಸಿಗಳು ಅದನ್ನು ಬರಿಯ ಕುತೂಹಲ ಎನ್ನುತ್ತಾರೆ, ಪೊಲೀಸರು ಕಳ್ಳತನದ ಮುನ್ನುಡಿ ಎನ್ನುತ್ತಾರೆ. ಎರಡೂ ಕಡೆಯವರು ಶೋಧನೆಯನ್ನು ಒಂದೇ ಕೆಲಸವೆಂದು ಭಾವಿಸಿರುವುದು ನನ್ನ ತಕರಾರು. ಅಲ್ಲಿರುವುದು ಎರಡು ಕೆಲಸ: ಕೇಳುವುದು, ಬರೆದಿಟ್ಟುಕೊಳ್ಳುವುದು.

ಪ್ರತಿ ರೌಟರ್ ಸೆಕೆಂಡಿಗೆ ಹತ್ತು ಬಾರಿಯಂತೆ ‘ಬೀಕನ್’ ಎಂಬ ಪುಟ್ಟ ಸಂಕೇತವನ್ನು ಎಲ್ಲ ದಿಕ್ಕಿಗೂ ಬಿತ್ತರಿಸುತ್ತಿರುತ್ತದೆ. ಜಾಲದ ಹೆಸರು, ರೌಟರ್‌ನ ಗುರುತುಸಂಖ್ಯೆಯಾದ ಮ್ಯಾಕ್ ವಿಳಾಸ, ಚಾನೆಲ್, ಗೂಢಲಿಪಿಯ ಬೀಗ ಯಾವ ಬಗೆಯದು ಎಂಬ ವಿವರ ಅದರಲ್ಲಿರುತ್ತದೆ. ಇದನ್ನು ಓದುವುದು ಬೀದಿಯಲ್ಲಿ ನಡೆಯುತ್ತ ಮನೆಗಳ ಹೆಸರುಫಲಕ ಓದಿದಂತೆ. ನಮ್ಮ ಫೋನುಗಳೂ ದಿನವಿಡೀ ಮಾಡುವುದು ಇದನ್ನೇ. ಆದರೆ ಅದೇ ಗಾಳಿಯಲ್ಲಿ ಬೀಕನ್ ಜೊತೆ ಮನೆಯವರ ಮೇಲ್, ಪಾಸ್‌ವರ್ಡ್, ಹುಡುಕಾಟಗಳೂ ತೇಲುತ್ತಿರುತ್ತವೆ. ಜಾಲಕ್ಕೆ ಬೀಗವಿಲ್ಲದಿದ್ದರೆ, ಆ ಕಾಲದ ಬಹುಪಾಲು ಜಾಲತಾಣಗಳಲ್ಲಿದ್ದಂತೆ ತಾಣಕ್ಕೂ ಬೀಗವಿಲ್ಲದಿದ್ದರೆ, ಅವು ನೇರವಾಗಿ ಓದಲೂ ಸಿಗುತ್ತವೆ.

ಈ ವ್ಯತ್ಯಾಸವನ್ನು ಉಪಕರಣಗಳಲ್ಲೇ ಕಾಣಬಹುದು. 2001ರಲ್ಲಿ ಮೇರಿಯಸ್ ಮಿಲ್ನರ್ ಬರೆದ ನೆಟ್‌ಸ್ಟಂಬ್ಲರ್ ‘ಯಾರಿದ್ದೀರಿ?’ ಎಂದು ತಾನೇ ಕೂಗಿ ಕೇಳುತ್ತಿತ್ತು. ಬಂದ ಉತ್ತರಗಳನ್ನು ಮಾತ್ರ ದಾಖಲಿಸುತ್ತಿತ್ತು. ತನ್ನ ಗುರುತು ಬಿಟ್ಟುಕೊಡುತ್ತಿದ್ದ, ಆ ಅರ್ಥದಲ್ಲಿ ಮರ್ಯಾದಸ್ಥ ಉಪಕರಣ ಅದು. ಮೈಕ್ ಕರ್ಶಾ ಅವರ ಕಿಸ್ಮೆಟ್ ಹಾಗಲ್ಲ. ವೈಫೈ ಕಾರ್ಡನ್ನು ‘ಮಾನಿಟರ್ ಮೋಡ್’ಗೆ ತಂದು, ಚಾನೆಲ್‌ನಿಂದ ಚಾನೆಲ್‌ಗೆ ಜಿಗಿಯುತ್ತ, ತುಟಿಪಿಟಕ್ಕೆನ್ನದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಹೆಸರು ಬಚ್ಚಿಟ್ಟ ಜಾಲಗಳೂ ಅದಕ್ಕೆ ಸಿಕ್ಕಿಬೀಳುತ್ತವೆ. ತಂತ್ರಜ್ಞಾನವಾಗಿ ನೋಡಿದರೆ ಕಿಸ್ಮೆಟ್ ಎಷ್ಟೋ ಮೇಲು. ಕಚೇರಿಯೊಂದರಲ್ಲಿ ಅನುಮತಿಯಿಲ್ಲದೆ ಯಾರೋ ಸಿಕ್ಕಿಸಿದ ರೌಟರ್ ಹುಡುಕಬೇಕಾದರೆ ನಾನೂ ಅದನ್ನೇ ಸೂಚಿಸುತ್ತೇನೆ. ಆದರೆ ಕೇಳಿದ್ದನ್ನೆಲ್ಲ ಕಡತಕ್ಕಿಳಿಸಬಲ್ಲ ಶಕ್ತಿ ಅದಕ್ಕಿದೆ. ಅಪಾಯ ಶುರುವಾಗುವುದು ಅಲ್ಲಿಂದ.

ಗೂಗಲ್ ಕಾರುಗಳಲ್ಲಿ ಓಡುತ್ತಿದ್ದದ್ದು ಇದೇ ಕಿಸ್ಮೆಟ್, ಅದಕ್ಕೆ ಜೋಡಿಸಿದ ಸ್ವಂತ ತಂತ್ರಾಂಶ ಒಂದು. ಬೀಗ ಹಾಕಿದ ಜಾಲದ ಒಳಮಾತನ್ನು ಎಸೆ, ಬೀಗವಿಲ್ಲದ್ದನ್ನು ಡಿಸ್ಕಿಗೆ ಬರೆದಿಡು: ಆ ತಂತ್ರಾಂಶದ ಮೂಲ ಹೊಂದಿಕೆ ಹೀಗಿತ್ತೆಂದು ಸ್ವತಂತ್ರ ತಪಾಸಣಾ ವರದಿ ಹೇಳಿತು. ವೈಫೈ ಜಾಲಗಳ ನಕ್ಷೆಗೆ ಬೇಕಾದದ್ದು ಬೀಕನ್ ಮಾತ್ರ. ಬೇಡದ್ದನ್ನು ಬರೆದಿಡಲು ಯಾರೋ ಕುಳಿತು ಸಾಲುಗಳನ್ನು ಬರೆದಿದ್ದರು. ಆ ಎಂಜಿನಿಯರ್ ನೆಟ್‌ಸ್ಟಂಬ್ಲರ್ ಬರೆದ ಮಿಲ್ನರ್ ಅವರೇ ಎಂದು 2012ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಬಂದ ಉತ್ತರಗಳಿಗೇ ತೃಪ್ತಿಪಟ್ಟ ಉಪಕರಣವೂ ಎಲ್ಲವನ್ನೂ ನುಂಗಿದ ಉಪಕರಣವೂ ಒಂದೇ ಕೈಯಿಂದ ಬಂದವು ಎಂದಾದರೆ, ‘ಉಪಕರಣ ನಿರ್ದೋಷಿ, ಬಳಸುವವನು ದೋಷಿ’ ಎಂಬ ಸವಕಲು ಸಮರ್ಥನೆ ನಿಲ್ಲುವುದಿಲ್ಲ. ಏನನ್ನು ಉಳಿಸಬೇಕೆಂಬ ನಿರ್ಧಾರ ಉಪಕರಣದೊಳಗೇ ಇರುತ್ತದೆ.

ಕಾನೂನು ಇದನ್ನು ಹಿಡಿಯಿತೇ? ಅರ್ಧಂಬರ್ಧ. ಅಮೆರಿಕದ ಸಂಪರ್ಕ ಆಯೋಗ ತನಿಖೆಗೆ ಅಡ್ಡಿಪಡಿಸಿದ್ದಕ್ಕೆ ಗೂಗಲ್‌ಗೆ 25,000 ಡಾಲರ್ ದಂಡ ಹಾಕಲು ಮುಂದಾಯಿತು, ಕದ್ದು ಕೇಳಿದ್ದಕ್ಕಲ್ಲ. 2012ರಲ್ಲಿ ಇಲಿನಾಯ್‌ನ ಒಂದು ಫೆಡರಲ್ ನ್ಯಾಯಾಲಯ, ಬೇರೊಂದು ಮೊಕದ್ದಮೆಯಲ್ಲಿ, ಬೀಗವಿಲ್ಲದ ವೈಫೈ ಆಲಿಸುವ ಸಾಧನ ಯಾರಿಗಾದರೂ ಅಗ್ಗವಾಗಿ ಸಿಗುವುದರಿಂದ ಅಂಥ ವೈಫೈ ಸಾರ್ವಜನಿಕರಿಗೆ ಸುಲಭವಾಗಿ ದೊರಕುವ ಸಂವಹನವೇ ಎಂದಿತು. ಹಾಗಿದ್ದರೆ ಉಪಕರಣದ ಬೆಲೆ ಇಳಿದಷ್ಟೂ ನಮ್ಮ ಖಾಸಗಿತನ ಇಳಿಯಬೇಕೇ? ಮರುವರ್ಷ, ಸ್ಟ್ರೀಟ್ ವ್ಯೂ ಸಂಗ್ರಹದ ವಿರುದ್ಧದ ಜಾಫಿ ಮೊಕದ್ದಮೆಯಲ್ಲಿ, ಅಮೆರಿಕದ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಬೀಗವಿಲ್ಲದ ವೈಫೈ ಎಲ್ಲರಿಗೂ ದೊರಕುವ ರೇಡಿಯೊ ಸಂವಹನ ಎಂಬ ಗೂಗಲ್ ವಾದವನ್ನು ತಳ್ಳಿಹಾಕಿತು. ತೀರ್ಪು ಸರಿ, ಕಾರಣ ಜಾಳು: ಕದ್ದಾಲಿಕೆ ತಡೆ ಕಾಯ್ದೆ ಹೇಳುವ ರೇಡಿಯೊ ಸಂವಹನವೆಂದರೆ ಮುಖ್ಯವಾಗಿ ಕಿವಿಗೆ ಕೇಳುವ ಪ್ರಸಾರ, ಆದ್ದರಿಂದ ವೈಫೈ ಅದಲ್ಲ ಎಂದರು ನ್ಯಾಯಮೂರ್ತಿಗಳು. ರೇಡಿಯೊ ಅಲೆಯ ಮೇಲೆಯೇ ಬದುಕಿರುವ ತಂತ್ರಜ್ಞಾನದ ಬಗ್ಗೆ ಈ ಮಾತು!

ಭಾರತದಲ್ಲಿ ಚರ್ಚೆ ಬೇರೆ ದಾರಿ ಹಿಡಿಯಿತು. 2008ರ ಜುಲೈ 26ರ ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಬಂದ ಬೆದರಿಕೆ ಮೇಲ್ ನವಿ ಮುಂಬೈಯ ಮನೆಯೊಂದರ ಬೀಗವಿಲ್ಲದ ವೈಫೈ ಮೂಲಕ ಹೋಗಿತ್ತು. ಮರುವರ್ಷ ಮುಂಬೈ ಪೊಲೀಸರೇ ಲ್ಯಾಪ್‌ಟಾಪ್ ಹಿಡಿದು ತೆರೆದ ಜಾಲಗಳನ್ನು ಹುಡುಕಲು ಹೊರಟರು. ದೂರಸಂಪರ್ಕ ಇಲಾಖೆ ಸುರಕ್ಷಿತ ವೈಫೈ ಬಗ್ಗೆ ಸೂಚನೆ ಹೊರಡಿಸಿತು. ಅಂದಿನಿಂದ ನಮ್ಮ ಪ್ರಶ್ನೆ ‘ಬೀಗ ಹಾಕದವರು ಯಾರು’ ಎಂಬುದೇ, ‘ಆಲಿಸಿದವರು ಯಾರು’ ಎಂಬುದಲ್ಲ. 2011ರಲ್ಲಿ ಬೆಂಗಳೂರಿನ ಪೊಲೀಸರು ಸ್ಟ್ರೀಟ್ ವ್ಯೂ ಕಾರುಗಳನ್ನು ನಿಲ್ಲಿಸಿದಾಗಲೂ ಮುಂದಿಟ್ಟದ್ದು ಭದ್ರತೆಯ ಆತಂಕವನ್ನು.

ಹಾಗೆಂದು ಕಾನೂನಿಗೆ ಹಲ್ಲಿಲ್ಲ ಎಂದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಮಾಲೀಕರ ಅನುಮತಿಯಿಲ್ಲದೆ ಜಾಲ ಪ್ರವೇಶಿಸುವುದೂ ದತ್ತಾಂಶ ತೆಗೆಯುವುದೂ ತಪ್ಪು. ಅದನ್ನೇ ಅಪ್ರಾಮಾಣಿಕವಾಗಿ ಮಾಡಿದರೆ 66ನೇ ಸೆಕ್ಷನ್‌ನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ ಅಕ್ರಮ ಪ್ರತಿಬಂಧಕ್ಕೆ ಮೂರು ವರ್ಷದವರೆಗೆ ಜೈಲು, ಎರಡು ಕೋಟಿವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ಆ ಕಾಯ್ದೆಯಲ್ಲಿ ‘ಸಂದೇಶ’ದ ವ್ಯಾಖ್ಯಾನ ಎಷ್ಟು ವಿಶಾಲವೆಂದರೆ ಯಾವುದೇ ಸಂಕೇತವೂ ಅದರೊಳಗೆ ಬರಬಹುದು. ಬೀಕನ್ ಓದಿದವನನ್ನೂ ಮೇಲ್ ಕದ್ದವನನ್ನೂ ಬೇರ್ಪಡಿಸುವ ಗೆರೆಯನ್ನು ಕಾಯ್ದೆಯೇ ಎಳೆಯಬೇಕಿತ್ತು. ಎಳೆದಿಲ್ಲ.

ಹವ್ಯಾಸಿಗಳ ಕಡೆಗೂ ಒಂದು ಮಾತು ಸಲ್ಲಬೇಕು. 2001ರಿಂದ ಹವ್ಯಾಸಿಗಳು ತುಂಬುತ್ತಿರುವ ವಿಗಲ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಇಂದು ನೂರು ಕೋಟಿಗೂ ಹೆಚ್ಚು ಜಾಲಗಳಿವೆ. ಆ ಜಾಲಗಳ ಬಗ್ಗೆ ಅಲ್ಲಿರುವುದು ಬೀಕನ್‌ನಲ್ಲಿ ಸಿಗುವಂಥ ವಿವರಗಳೇ, ಒಳಮಾತಲ್ಲ. ಆದರೂ ಒಬ್ಬರು ಮನೆ ಬದಲಿಸಿ ಅದೇ ರೌಟರ್ ಕೊಂಡೊಯ್ದರೆ ಅವರ ಹೊಸ ವಿಳಾಸದ ಸುಳಿವು ಅಲ್ಲಿ ಸಿಗಬಹುದು. ಒಂದೊಂದಾಗಿ ನಿರುಪದ್ರವಿಯಾದದ್ದು ರಾಶಿಯಾದಾಗ ಹಾಗೆ ಉಳಿಯುವುದಿಲ್ಲ.

ಕಲಿಯುವ ಆಸಕ್ತಿಯಿಂದ ಕಿಸ್ಮೆಟ್ ಹಾಕಿಕೊಳ್ಳುವ ವಿದ್ಯಾರ್ಥಿಗಳು ಮೊದಲು ತಮ್ಮದೇ ರೌಟರ್ ಮೇಲೆ ಪ್ರಯೋಗ ಮಾಡಲಿ. ಇತರರ ಜಾಲವಾದರೆ ಲಿಖಿತ ಅನುಮತಿ ಪಡೆಯಲಿ. ಶುರು ಮಾಡುವ ಮುನ್ನ ದಾಖಲೆಯ ಹೊಂದಿಕೆಗಳನ್ನು ತೆರೆದು, ದತ್ತಾಂಶದ ಪ್ಯಾಕೆಟ್‌ಗಳನ್ನು ಬರೆದಿಡುವ ಆಯ್ಕೆಯನ್ನು ಆಫ್ ಮಾಡಿಬಿಡಲಿ.