ಅರಿಸ್ಟಾಟಲನೂ ಪರದೇಶಿಯೇ

ಕೊಲ್ಲಿ ದೇಶಗಳ ಕಚೇರಿಗಳಲ್ಲಿ ಈಗ ಸ್ಟೋಯಿಕ್ ತತ್ತ್ವಕ್ಕೆ ಒಳ್ಳೆಯ ಗಿರಾಕಿಯಿದೆ. ತರಬೇತಿ ಶಿಬಿರಗಳಲ್ಲೂ ವಿಮಾನ ನಿಲ್ದಾಣದ ಪುಸ್ತಕದಂಗಡಿಗಳಲ್ಲೂ ಮಾರ್ಕಸ್ ಅರೇಲಿಯಸ್, ಎಪಿಕ್ಟೀಟಸ್ ಸಿಗುತ್ತಾರೆ. ಅವರು ಹೇಳಿದ್ದನ್ನೆಲ್ಲ ಒಂದೇ ಸಾಲಿಗೆ ಇಳಿಸಲಾಗಿದೆ: ನಿನ್ನ ಕೈಯಲ್ಲಿರುವುದನ್ನು ನೋಡಿಕೋ, ಉಳಿದದ್ದರ ಚಿಂತೆ ಬಿಡು. ವೀಸಾ ನವೀಕರಣವೂ ಕೆಲಸದ ಭದ್ರತೆಯೂ ತಮ್ಮ ಕೈಯಲ್ಲಿಲ್ಲದ ನಮ್ಮಂಥವರಿಗೆ ಇದು ತಲೆನೋವಿನ ಮಾತ್ರೆಯ ಹಾಗೆ ಒಗ್ಗುತ್ತದೆ. ಆದರೆ ಲೆಕ್ಕಪರಿಶೋಧಕನ ಕಣ್ಣಿಗೆ ಈ ಕಡತದಲ್ಲಿ ಕೆಲವು ಹಾಳೆಗಳೇ ಕಾಣುವುದಿಲ್ಲ. ಸ್ಟೋಯಿಕರ ನಾಲ್ಕು ಮುಖ್ಯ ಗುಣಗಳಲ್ಲಿ ನ್ಯಾಯವೂ ಒಂದು. ಮನುಷ್ಯರು ಹುಟ್ಟಿರುವುದೇ ಒಬ್ಬರಿಗೊಬ್ಬರು ಒದಗುವುದಕ್ಕೆ ಎಂದು ನಂಬಿದವನು ಮಾರ್ಕಸ್. ಮಾರಾಟದ ಆವೃತ್ತಿಯಲ್ಲಿ ಉಳಿದಿರುವುದು ನೆಮ್ಮದಿ ಮಾತ್ರ.

ಬಿಟ್ಟುಹೋದ ಹಾಳೆಗಳನ್ನು ಅರಿಸ್ಟಾಟಲನಲ್ಲಿ ಹುಡುಕಬಹುದು. ಅವನೂ ಪರದೇಶಿಯೇ. ಉತ್ತರದ ಸ್ಟಗೈರಾದಿಂದ ಹದಿನೇಳರ ವಯಸ್ಸಿನಲ್ಲಿ ಅಥೆನ್ಸಿಗೆ ಓದಲು ಬಂದವನು. ಅಲ್ಲಿ ನೆಲೆಸಿದ ಹೊರಗಿನವರನ್ನು ‘ಮೆಟಿಕ್’ ಎನ್ನುತ್ತಿದ್ದರು. ಗಂಡಸಾದರೆ ವರ್ಷಕ್ಕೆ 12 ದ್ರಾಕ್ಮಾ ತಲೆಗಂದಾಯ ಕಟ್ಟಬೇಕು, ಹೊಣೆಗೆ ಪೌರನೊಬ್ಬ ನಿಲ್ಲಬೇಕು. ಜಮೀನು ಕೊಳ್ಳುವಂತಿಲ್ಲ, ಸಭೆಯಲ್ಲಿ ಕೈ ಎತ್ತುವಂತಿಲ್ಲ. ಸ್ಪಾನ್ಸರ್ ಪದ್ಧತಿ ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಪಾಲಿಲ್ಲದವನೇ ‘ಪಾಲಿಟಿಕ್ಸ್’ ಗ್ರಂಥದಲ್ಲಿ, ಊರಲ್ಲಿ ವಾಸವಿದ್ದ ಮಾತ್ರಕ್ಕೆ ಯಾರೂ ಪೌರರಾಗುವುದಿಲ್ಲ, ತೀರ್ಪಿನಲ್ಲೂ ಅಧಿಕಾರದಲ್ಲೂ ಪಾಲುಳ್ಳವನೇ ಪೌರ ಎಂದು ವಾದಿಸಿದ. ಗ್ರಂಥ ಶುರುವಾಗುವುದು ಮನೆಯಿಂದ. ಅವನು ಹೇಳುವ ‘ಓಯ್ಕೊನೊಮಿಯಾ’ಕ್ಕೆ ಕನ್ನಡದಲ್ಲಿ ಮನೆವಾರ್ತೆ ಎಂಬ ಒಳ್ಳೆಯ ಮಾತೇ ಇದೆ. ಆದರೆ ಮನೆವಾರ್ತೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಮನುಷ್ಯನ ಬಾಳು ಅಲ್ಲಿಗೆ ಪೂರ್ಣವಾಗದು ಎಂಬುದು ಅವನ ನಿಲುವು.

ನಮ್ಮ ಹೊರನಾಡ ಬದುಕು ಬಹುಪಾಲು ಮನೆವಾರ್ತೆಯೇ: ಸಂಬಳ, ಮಕ್ಕಳ ಫೀಸು, ಅಪ್ಪ ಅಮ್ಮನಿಗೆ ಕಳಿಸುವ ಹಣ, ಬೆಂಗಳೂರಿನ ಫ್ಲ್ಯಾಟಿನ ಇಎಂಐ. ದುಡಿಯುವ ನಾಡಿನಲ್ಲಿ ಮತವಿಲ್ಲ. 2010ರ ತಿದ್ದುಪಡಿಯ ನಂತರ ಭಾರತದ ಮತದಾರರ ಪಟ್ಟಿಗೆ ನಾವೂ ಸೇರಬಹುದು, ಆದರೆ ಮತ ಹಾಕಲು ಊರಿನ ಮತಗಟ್ಟೆಗೇ ಹೋಗಬೇಕು.

ಅಥೆನ್ಸಿನಲ್ಲಿ ಪೌರತ್ವವೆಂದರೆ ಬರೀ ಮತವೂ ಅಲ್ಲ. ಅಧಿಕಾರದಿಂದ ಇಳಿದವರ ಲೆಕ್ಕವನ್ನು ಚೀಟಿ ಎತ್ತಿ ಆರಿಸಿದ ಹತ್ತು ಮಂದಿ ಪರಿಶೋಧಿಸುತ್ತಿದ್ದರು. ಹಣ ಕದ್ದದ್ದು ಸಾಬೀತಾದರೆ ಹತ್ತು ಪಟ್ಟು ದಂಡ. ಈ ವಿವರವಿರುವ ‘ಅಥೆನ್ಸಿನ ಸಂವಿಧಾನ’ ಅರಿಸ್ಟಾಟಲನ ಅಥವಾ ಅವನ ಶಿಷ್ಯರ ಕೃತಿ. ಈಜಿಪ್ಟಿನ ಪಪೈರಸ್‌ನಲ್ಲಿ ದೊರೆತ ಅದರ ಪಾಠ 1891ರಲ್ಲಿ ಅಚ್ಚಾಯಿತು. ಅದನ್ನು ಬರೆದದ್ದು ಯಾರದೋ ಜಮೀನಿನ ಜಮಾಖರ್ಚಿನ ಹಾಳೆಗಳ ಬೆನ್ನಿಗೆ! ನನ್ನ ವೃತ್ತಿಯವರಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೆ?

ಹಾಗೆಂದು ಗ್ರೀಕರನ್ನು ಇಡಿಯಾಗಿ ಎತ್ತಿ ತರಲಾಗದು. ಅರಿಸ್ಟಾಟಲ್ ಗುಲಾಮಗಿರಿಯನ್ನು ಸಮರ್ಥಿಸಿದ, ಆಳುವ ಕೆಲಸ ಹೆಂಗಸರದ್ದಲ್ಲ ಎಂದ. ಅಥೆನ್ಸಿನ ಪೌರರ ಬಿಡುವಿನ ಹಿಂದೆ ಗುಲಾಮರ ದುಡಿಮೆಯಿತ್ತು. ಆಸ್ತಿಯನ್ನಷ್ಟೇ ಬರೆದು ಸಾಲವನ್ನು ಮರೆಮಾಚಿದ ಬ್ಯಾಲೆನ್ಸ್ ಶೀಟಿಗೆ ಯಾವ ಪರಿಶೋಧಕನೂ ಸಹಿ ಹಾಕಬಾರದು. ಇದೇ ಪ್ರಶ್ನೆ ನಮ್ಮತ್ತಲೂ ತಿರುಗುತ್ತದೆ: ನಮ್ಮ ಏಸಿ ಕೋಣೆಯ ನೆಮ್ಮದಿ ಲೇಬರ್ ಕ್ಯಾಂಪಿನಲ್ಲಿ ಮಲಗುವ ಯಾರ ಬೆವರಿನಿಂದ ಬಂದದ್ದು? ಅದು ನಮ್ಮ ಕೈಯಲ್ಲಿಲ್ಲ ಎಂದು ಬಿಡುವುದು ಸುಲಭ. ಸ್ಟೋಯಿಕ್ ತತ್ತ್ವ ಇಲ್ಲಿ ಒಂದು ನೆಪವಾಗುತ್ತದೆ.

ಮೆಟಿಕನಿಗೂ ಮಾಡಲು ಒಂದಿಷ್ಟಿದೆ. ಪರನಾಡಿನಲ್ಲಿ ನಾವೇ ಕಟ್ಟಿಕೊಂಡ ಸಣ್ಣ ಊರೆಂದರೆ ಕನ್ನಡ ಸಂಘ. ಅದರ ವಾರ್ಷಿಕ ಸಭೆಯಲ್ಲಿ ಖಜಾಂಚಿ ಜಮಾಖರ್ಚು ಓದಲು ನಿಂತ ಕೂಡಲೇ ಅರ್ಧ ಸಭೆ ಬಿಸಿಬೇಳೆಬಾತಿನ ಸಾಲಿಗೆ ಹೊರಡುತ್ತದೆ. ಕುಳಿತು ಕೇಳಿ, ಒಂದು ಪ್ರಶ್ನೆ ಹಾಕಿ, ಉತ್ತರ ಪಡೆದು ಆಮೇಲೆ ಉಣ್ಣೋಣ. ಅರಿಸ್ಟಾಟಲನಿಗೆ ಅಥೆನ್ಸಿನ ಸಭೆಯಲ್ಲಿ ಸಿಗದ ಜಾಗ ಅಲ್ಲಿ ನಮಗಿದೆ.