ಒಡಪು ಕೇಳಿಸದ ಮದುವೆ ವಿಡಿಯೊ

ರೋಣ, ನರಗುಂದ, ಗಜೇಂದ್ರಗಡದ ಕಡೆ ಮದುವೆ ವಿಡಿಯೊ ಚೊಲೊ ಆಗೇತಿ ಎಂದು ಹೊಗಳಲು ಈಗ ಇರುವುದು ಒಂದೇ ಮಾತು: ‘ಪಿಚ್ಚರ್ ಇದ್ದಂಗ ಬಂದೈತಿ.’ ಸ್ಟುಡಿಯೊದವರ ‘ಸಿನೆಮ್ಯಾಟಿಕ್’ ವಿಡಿಯೊ ಗಳಿಸಿರುವ ಹೆಸರು ಎಷ್ಟು ದೊಡ್ಡದೆಂದರೆ, ತಮ್ಮ ಮದುವೆಯ ವಿಡಿಯೊವನ್ನು ತಾವೇ ಮಾಡಿಕೊಳ್ಳಲು ಹೊರಟ ಹುಡುಗ ಹುಡುಗಿಯರೂ ಅದನ್ನೇ ಮಾದರಿಯಾಗಿ ಮುಂದಿಟ್ಟುಕೊಳ್ಳುತ್ತಾರೆ. ಆ ಹೆಸರು ಅದಕ್ಕೆ ಸಲ್ಲದು. ನೋಡಲು ಅದು ಚೆಂದವೇ. ಆದರೆ ಅದಕ್ಕೆ ಕಿವಿಯಿಲ್ಲ.

ಗಜೇಂದ್ರಗಡದ ಗುಡ್ಡದ ಗಾಳಿಯಂತ್ರಗಳ ಮೇಲೆ ಹಾರುವ ಡ್ರೋನ್, ಕಾಲಕಾಲೇಶ್ವರನ ಮೆಟ್ಟಿಲ ಮೇಲೆ ಕೈ ಹಿಡಿದು ನಡೆಯುವ ಜೋಡಿ, ನಿಧಾನವಾಗಿ ಉದುರುವ ಅಕ್ಕಿಕಾಳು: ಇವೆಲ್ಲ ಎಲ್ಲರೂ ಕಂಡವೇ. ನಾನು ಒಂದೇ ದೃಶ್ಯವನ್ನು ಹಿಡಿದು ನೋಡುತ್ತೇನೆ.

ಮನೆ ತುಂಬಿಸಿಕೊಳ್ಳುವ ಹೊತ್ತು. ಮದುಮಗಳು ಹೊಸ್ತಿಲ ಹೊರಗೆ ನಿಂತಿದ್ದಾಳೆ. ನಾದಿನಿಯರು ಬಾಗಿಲಿಗೆ ಕೈ ಅಡ್ಡ ಹಿಡಿದಿದ್ದಾರೆ. ‘ಹೆಸರ ಹೇಳಿ ಒಳಗ ಬಾ.’ ಒಡಪಿನ ಕಟ್ಟು ಈ ಭಾಗದವರಿಗೆ ಹೇಳಿಕೊಡಬೇಕಾದ್ದಲ್ಲ: ಎರಡೋ ನಾಲ್ಕೋ ಸಾಲು, ಪ್ರಾಸ, ಕೊನೆಗೆ ಗಂಡನ ಹೆಸರು. ಅದರ ಜೀವವೆಲ್ಲ ಹೆಸರಿಗಿಂತ ಮುಂಚೆ ಬರುವ ತಡೆಯಲ್ಲಿದೆ. ಮೊದಲ ಸಾಲು ಗಟ್ಟಿಯಾಗಿ ಬರುತ್ತದೆ. ಪ್ರಾಸ ಕೂಡುವಷ್ಟರಲ್ಲಿ ದನಿ ಇಳಿಯುತ್ತದೆ. ಹೆಸರು ಬಂದಾಗ ಅದು ಬರೀ ಉಸಿರು. ‘ನಮಗ ಕೇಳಲಿಲ್ಲವಾ, ಇನ್ನೊಮ್ಮೆ ಹೇಳು’ ಎಂದು ಹಿಂದಿನಿಂದ ಒಬ್ಬ ಹಿರಿಯಾಕೆ ಕೂಗುತ್ತಾಳೆ. ಎರಡನೆಯ ಸಲ ಹುಡುಗಿ ಹೆಸರನ್ನು ಸ್ಪಷ್ಟವಾಗಿ, ತುಸು ಹಟದಿಂದಲೇ ಹೇಳುತ್ತಾಳೆ. ಬಾಗಿಲ ತುಂಬ ನಗೆ ಏಳುತ್ತದೆ. ಆ ಮನೆಯಲ್ಲಿ ಸೊಸೆ ಎತ್ತಿದ ಮೊದಲ ದನಿ ಅದು. ನಾಚಿಕೆ, ಜಾಣ್ಮೆ, ಧೈರ್ಯ ಮೂರೂ ಆ ಅರ್ಧ ನಿಮಿಷದಲ್ಲಿವೆ, ಮತ್ತು ಮೂರೂ ಇರುವುದು ದನಿಯ ಏರಿಳಿತದಲ್ಲಿ.

ಸಿನೆಮ್ಯಾಟಿಕ್ ವಿಡಿಯೊದಲ್ಲಿ ಇದೇ ದೃಶ್ಯ ಹೀಗೆ ಬರುತ್ತದೆ: ತುಟಿ ನಿಧಾನ ಬಿಚ್ಚುತ್ತದೆ, ಜುಮುಕಿ ನಿಧಾನ ಅಲುಗುತ್ತದೆ, ನಾದಿನಿಯರು ನಿಧಾನ ನಗುತ್ತಾರೆ, ಮೇಲೆ ಒಂದು ಸಿನಿಮಾ ಹಾಡು. ಹುಡುಗಿ ಏನು ಹೇಳಿದಳು, ಯಾಕೆ ನಕ್ಕರು, ಎರಡನೆಯ ಸಲ ಯಾಕೆ ಹೇಳಬೇಕಾಯಿತು, ಒಂದೂ ತಿಳಿಯುವುದಿಲ್ಲ. ಉಳಿಯುವುದು ‘ಮದುಮಗಳು ನಕ್ಕಳು’ ಎಂಬ ಸುದ್ದಿಯಷ್ಟೇ. ಆ ತುಣುಕನ್ನು ಕಿತ್ತು ಇನ್ನೊಬ್ಬರ ಮದುವೆ ವಿಡಿಯೊಕ್ಕೆ ಜೋಡಿಸಿದರೂ ಯಾರಿಗೂ ಕೊರತೆ ಕಾಣದು.

ಇದು ಸಂಕಲನಕಾರನ ಅಭಿರುಚಿಯ ದೋಷ ಮಾತ್ರವಲ್ಲ, ಚಿತ್ರ ಹಿಡಿಯುವಾಗಲೇ ಆದ ನಷ್ಟ. ಸೆಕೆಂಡಿಗೆ 100 ಫ್ರೇಮಿನಂತೆ ಹಿಡಿದದ್ದನ್ನು 25ರಂತೆ ಓಡಿಸಿದರೆ ಒಂದು ಸೆಕೆಂಡು ನಾಲ್ಕಾಗುತ್ತದೆ. ಚಿತ್ರ ಅದನ್ನು ತಾಳಿಕೊಳ್ಳುತ್ತದೆ, ಮಾತು ತಾಳಿಕೊಳ್ಳುವುದಿಲ್ಲ. ಅದಕ್ಕೇ ಹಲವು ಕ್ಯಾಮೆರಾಗಳು ಸ್ಲೋ ಮೋಷನ್ ಇಟ್ಟಾಗ ಸದ್ದನ್ನು ದಾಖಲಿಸುವುದೇ ಇಲ್ಲ. ಮದುವೆಗೆ ತರುವ ಡ್ರೋನ್‌ಗಳದೂ ಸಾಮಾನ್ಯವಾಗಿ ಇದೇ ಕಥೆ, ಅವುಗಳಿಗೆ ಮೈಕೇ ಇರುವುದಿಲ್ಲ. ಸ್ಲೋ ಮೋಷನ್ ಗುಂಡಿ ಒತ್ತಿದ ಗಳಿಗೆಯಲ್ಲೇ ಒಡಪು ಹೋಯಿತು. ಆಮೇಲೆ ಖಾಲಿ ಬಿದ್ದ ಜಾಗಕ್ಕೆ ಹಾಡು ತುಂಬಲೇಬೇಕು.

ಆ ಹಾಡೂ ನಮ್ಮದಲ್ಲ. ಮದುವೆ ಮೆರವಣಿಗೆಯಲ್ಲಿ, ಮದುವೆಯ ಸಮಾರಂಭಗಳಲ್ಲಿ ಹಾಡು ನುಡಿಸಿದರೆ ಉಲ್ಲಂಘನೆಯಲ್ಲ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿನಾಯಿತಿ ಕೊಟ್ಟಿದೆ. ಅದೇ ಹಾಡನ್ನು ವಿಡಿಯೊಕ್ಕೆ ಅಂಟಿಸಿ ಯೂಟ್ಯೂಬಿಗೆ ಏರಿಸುವುದು ಬೇರೆಯೇ ಮಾತು. ಅಲ್ಲಿ ಹಕ್ಕುದಾರರು ದನಿ ತೆಗೆಸಬಹುದು. ಸೊಸೆಯ ಒಡಪಿಗೆ, ಅಜ್ಜಿಯ ಸೋಬಾನೆ ದನಿಗೆ ಆ ಭಯವಿಲ್ಲ.

ಮದುವೆ ವಿಡಿಯೊ ಕುರಿತು ಬರೆಯುವವರು, ಮಾತಾಡುವವರು ಈ ಕಿವುಡಿನ ಮಾತೆತ್ತುವುದಿಲ್ಲ. ಅವರ ಸಿಟ್ಟೆಲ್ಲ ಪ್ರಿ ವೆಡ್ಡಿಂಗ್ ಮೇಲೆ. 2024ರ ಫೆಬ್ರುವರಿಯಲ್ಲಿ ಚಿತ್ರದುರ್ಗ ಜಿಲ್ಲೆ ಭರಮಸಾಗರದ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ವೈದ್ಯರೊಬ್ಬರು ಆಪರೇಷನ್ ಥಿಯೇಟರಿನಲ್ಲೇ ಇಂಥ ಚಿತ್ರೀಕರಣ ಮಾಡಿ ಕೆಲಸ ಕಳೆದುಕೊಂಡ ಮೇಲೆ ಆ ಸಿಟ್ಟು ಇನ್ನೂ ಹೆಚ್ಚಿತು. ಆಸ್ಪತ್ರೆಯ ದುರ್ಬಳಕೆ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದುವೆಗೆ ಮುಂಚೆ ಹುಡುಗ ಹುಡುಗಿ ಒಟ್ಟಿಗೆ ಓಡಾಡಿ ಚಿತ್ರ ತೆಗೆಸಿಕೊಂಡರೆ ಸಂಸ್ಕೃತಿ ಮುಳುಗಿತು ಎನ್ನುವವರು, ಮದುವೆಯ ದಿನದ ವಿಡಿಯೊದಿಂದ ಸೋಬಾನೆ, ಒಡಪು, ಸನಾದಿ ಮೂರೂ ಮಾಯವಾದಾಗ ಎಲ್ಲಿದ್ದರು? ಸಂಸ್ಕೃತಿಯ ನಷ್ಟ ಆದದ್ದು ಅಲ್ಲಿ. ಇವರು ಲೆಕ್ಕ ಹಾಕುತ್ತಿರುವುದು ಹುಡುಗಿಯ ಉಡುಪನ್ನು.

ಇನ್ನೊಂದು ಗುಂಪು ಛಾಯಾಗ್ರಾಹಕರ ಪರ ವಾದಿಸುತ್ತದೆ: ಮದುವೆಮನೆಯಲ್ಲಿ ಬರೀ ಗದ್ದಲ, ಡಿಜೆ, ಜನರೇಟರ್, ಅದನ್ನು ಯಾರು ಕೇಳಬೇಕು? ಈ ಸೀಮೆಯಲ್ಲಿ ನಿಂತು ಈ ಮಾತು ಆಡಬಾರದು. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಬಾಲ್ಯದಲ್ಲಿ ಮೆರವಣಿಗೆಯ ಬಾಜಾದ ಬೆನ್ನು ಹತ್ತಿ ಹೋಗಿ ಎಲ್ಲೋ ಮಲಗಿಬಿಡುತ್ತಿದ್ದರು. ಮಗನನ್ನು ಹುಡುಕಿ ಸಾಕಾದ ತಂದೆ, ಇವನು ಜೋಶಿ ಮಾಸ್ತರರ ಮಗ ಎಂದು ಅಂಗಿಯ ಮೇಲೆ ಬರೆಸಿದ್ದು ಪ್ರಸಿದ್ಧ. ಗದ್ದಲ ಎಂದು ತಳ್ಳುವುದರೊಳಗೇ ಸಂಗೀತ ಇರುತ್ತದೆ. ಕೇಳುವವನು ಹತ್ತಿರ ಹೋಗಬೇಕು. ಹೊಸ್ತಿಲಿನ ಹತ್ತಿರ ಡಿಜೆಯೂ ಇರುವುದಿಲ್ಲ. ಮೈಕನ್ನು ಎರಡು ಅಡಿ ಹತ್ತಿರ ಒಯ್ಯುವ ಶ್ರಮಕ್ಕೆ ಹಿಂದೆಗೆದವರು ಗದ್ದಲವನ್ನು ನೆಪ ಮಾಡುತ್ತಿದ್ದಾರೆ.

ಎಲ್ಲರ ನಗೆಗೆ ಗುರಿಯಾದ ಹಳೆಯ ಮೂರು ತಾಸಿನ ಮದುವೆ ಕ್ಯಾಸೆಟ್ಟೇ ಈ ವಿಷಯದಲ್ಲಿ ಮೇಲು. ಗುಲಾಬಿಯೊಳಗೆ ಮದುಮಗಳ ಮುಖ ಅರಳಿಸಿದ ಮಿಕ್ಸಿಂಗ್, ಕಣ್ಣು ಕುಕ್ಕುವ ಲೈಟು, ಒಂದರ ಹಿಂದೊಂದು ಸಿನಿಮಾ ಹಾಡು, ಎಲ್ಲ ಇತ್ತು, ಒಪ್ಪುತ್ತೇನೆ. ಆದರೆ ಅಷ್ಟುದ್ದಕ್ಕೂ ಹಾಡು ತುಂಬಲಾಗದೆ ನಡುವೆ ಬಿಟ್ಟ ಜಾಗದಲ್ಲಿ ಆಹೇರಿ ಹಿಡಿದು ಬಂದ ಬೀಗರ ಮಾತು, ಬಡಿಸುವವರ ಕೂಗು, ಬಾಸಿಂಗ ಕಟ್ಟುವಾಗಿನ ಜಗಳ ಹಾಗೇ ಉಳಿದವು. ಹಳೆಯದನ್ನು ನೋಡಿದವರು ಸತ್ತವರ ದನಿ ಕೇಳುತ್ತಾರೆ. ಐದು ನಿಮಿಷದ ಹೊಸ ವಿಡಿಯೊ ಆ ಅವಕಾಶವನ್ನೇ ಕೊಡುವುದಿಲ್ಲ.

ಆದ್ದರಿಂದ ತಮ್ಮ ವಿಡಿಯೊ ತಾವೇ ಮಾಡುವವರು ಸ್ಟುಡಿಯೊದ ನಕಲು ಇಳಿಸಬೇಕಾಗಿಲ್ಲ. ಸ್ಟುಡಿಯೊದವರಿಗೆ ಗೊತ್ತಿಲ್ಲದ್ದು ಮನೆಯವರಿಗೆ ಗೊತ್ತಿದೆ: ಯಾವ ಅತ್ತೆ ಸೋಬಾನೆ ಎತ್ತುತ್ತಾಳೆ, ಯಾವ ಕಾಕಾ ಸುರಗಿ ಸುತ್ತುವಾಗ ಚೇಷ್ಟೆ ಮಾಡುತ್ತಾನೆ. ಹಂದರ ಹಾಕುವ ಮೊದಲೇ ಆ ದನಿಗಳ ಪಟ್ಟಿ ಆಗಬೇಕು, ದೃಶ್ಯಗಳ ಪಟ್ಟಿ ಆಮೇಲೆ. ಒಂದು ಫೋನು ಚಿತ್ರ ಹಿಡಿಯಲಿ, ಇನ್ನೊಂದು ಹಾಡುವವರ ಪಕ್ಕದಲ್ಲಿ ದನಿ ಹಿಡಿಯಲಿ. ನಡುವೆ ಕರೆ ಬಂದು ಕೆಡದಂತೆ ಎರಡನ್ನೂ ಏರೋಪ್ಲೇನ್ ಮೋಡಿಗೆ ಹಾಕಬೇಕು. ಶುರುವಿಗೆ ಎರಡಕ್ಕೂ ಕೇಳುವಂತೆ ಒಂದು ಚಪ್ಪಾಳೆ ಹೊಡೆದರೆ ಆಮೇಲೆ ಆ ಸದ್ದು ಹಿಡಿದು ಜೋಡಿಸಬಹುದು. ಉದ್ದಕ್ಕೆ ಓಡಿಸಿದರೆ ಎರಡರ ಸಮಯ ಮೆಲ್ಲಗೆ ಜಾರುತ್ತದೆ, ಅದಕ್ಕೆ ಒಂದೊಂದು ಕಾರ್ಯಕ್ಕೂ ಹೊಸ ಚಪ್ಪಾಳೆ. ಒಡಪಿನ ಹೊತ್ತಿಗೆ ಸ್ಲೋ ಮೋಷನ್ ಮುಟ್ಟಬಾರದು, ಕತ್ತರಿಯನ್ನೂ ಆಡಿಸಬಾರದು.

ಸಂಕಲನ ಮುಗಿದ ಮೇಲೆ ತೆರೆ ನೋಡದೆ ಒಮ್ಮೆ ಪೂರ್ತಿ ಕೇಳಬೇಕು. ಯಾರ ಮನೆಯ ಮದುವೆ ಎಂದು ದನಿಯಿಂದಲೇ ನಂಟರು ಗುರುತಿಸಿದರೆ ಅದು ಆ ಮದುವೆಯ ವಿಡಿಯೊ. ಗುರುತಿಸದಿದ್ದರೆ ಚಿತ್ರ ಎಷ್ಟೇ ಹೊಳೆಯಲಿ, ಅದನ್ನು ಮತ್ತೆ ಕಟ್ಟಬೇಕು.