ಬಟ್ಟಿ ತಿಕ್ಕುವವರು ಕೇಳದ ಪ್ರಶ್ನೆ

ಬುಕ್ಕಸಾಗರದಂಥ ತುಂಗಭದ್ರೆಯ ದಂಡೆಯ ಊರುಗಳಲ್ಲಿ ಹೊಟ್ಟೆ ನುಲಿದು ಮೇಲಿಂದ ಮೇಲೆ ಹೊರಗೆ ಓಡುವವರಿಗೆ ಸಿಗುವ ಸಲಹೆ ಒಂದೇ: ‘ಬಟ್ಟಿ ಬಿದ್ದೈತಿ, ತಿಕ್ಕಿಸ್ಕೊ.’ ಬಾಳೆಗೊನೆ ಹೊತ್ತದ್ದೇ ಕಾರಣವೆಂದು ತೀರ್ಮಾನವೂ ಆಗಿಬಿಡುತ್ತದೆ. ತಿಕ್ಕುವವರು ಹೊಕ್ಕಳ ಸುತ್ತ ಎಣ್ಣೆ ಸವರಿ, ಹೆಬ್ಬೆರಳು ಊರಿ, ‘ಬಟ್ಟಿ’ ಎನ್ನುವ ಮಿಡಿತ ಹುಡುಕುತ್ತಾರೆ. ಅದು ಪಕ್ಕಕ್ಕೆ ಸಿಕ್ಕರೆ ನಡುವಿಗೆ ಒತ್ತಿ ತರುತ್ತಾರೆ. ಬೆರಳಿಗೆ ಸಿಗುವ ಮಿಡಿತವೇನೋ ನಿಜ. ಆದರೆ ಅದು ಬೆನ್ನುಮೂಳೆಗೆ ಒರಗಿಕೊಂಡಿರುವ ಮಹಾಧಮನಿಯದು. ಗೊನೆ ಹೊತ್ತರೆ ಜಾರುವುದಿಲ್ಲ, ತಿಕ್ಕಿದರೆ ಮರಳುವುದೂ ಇಲ್ಲ.

ಹಾಗೆಂದು ಈ ಪದ್ಧತಿಯನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ತಿಂಗಳುಗಟ್ಟಲೆ ಬಂದುಹೋಗುವ ಇಂಥ ನೋವು ಎಷ್ಟೋ ಸಲ ಐಬಿಎಸ್ (ಇರಿಟೆಬಲ್ ಬವೆಲ್ ಸಿಂಡ್ರೋಮ್) ಆಗಿರುತ್ತದೆ. ಕರುಳಿಗೂ ಮಿದುಳಿಗೂ ನಡುವಿನ ಸಂದೇಶಗಳು ಏರುಪೇರಾಗಿ, ಬೇರೆಯವರಿಗೆ ಗೊತ್ತೇ ಆಗದ ಉಬ್ಬರವೂ ಇವರಿಗೆ ನೋವಾಗುತ್ತದೆ. ಸ್ಕ್ಯಾನಿಂಗಿನಲ್ಲಿ ಏನೂ ಕಾಣುವುದಿಲ್ಲ. ‘ರಿಪೋರ್ಟ್ ನಾರ್ಮಲ್, ನಿಮಗೇನೂ ಇಲ್ಲ’ ಎಂಬ ಮಾತು ಕೇಳಿ ಬಂದವರಿಗೆ, ನೋವಿರುವ ಜಾಗ ಮುಟ್ಟಿ ‘ಹೌದು, ಐತಿ’ ಎನ್ನುವ ಕೈ ದೊಡ್ಡದು. ಆತಂಕವೇ ಕೆರಳಿಸುವ ಕಾಯಿಲೆಯಲ್ಲಿ ಆ ಸಮಾಧಾನಕ್ಕೂ ಬೆಲೆಯಿದೆ.

ಪದ್ಧತಿ ಸೋಲುವುದು ಕಾರಣ ಹುಡುಕುವಲ್ಲಿ. ಹೊತ್ತ ಭಾರವನ್ನು ದೂರುತ್ತದೆ, ತಿಂದ ಮಿರ್ಚಿಯನ್ನು ದೂರುತ್ತದೆ, ಕುಡಿದ ನೀರನ್ನು ಮರೆಯುತ್ತದೆ. ಖಾರ, ಈರುಳ್ಳಿ, ಕಡಲೆಹಿಟ್ಟು ಇರುವ ನೋವನ್ನು ಎಬ್ಬಿಸಬಲ್ಲವು, ಅಷ್ಟೆ. ಆದರೆ ಕೆಟ್ಟ ನೀರಿನಂಥದ್ದರಿಂದ ಕರುಳಿನ ಸೋಂಕು ತಗುಲಿದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಮುಂದೆ ಐಬಿಎಸ್ ಅಂಟಿಕೊಳ್ಳುತ್ತದೆ. ಕೆನಡಾದ ವಾಕರ್ಟನ್ ಊರಿನಲ್ಲಿ 2000ದಲ್ಲಿ ಕುಡಿಯುವ ನೀರಿಗೆ ದನದ ಸಗಣಿಯ ಬ್ಯಾಕ್ಟೀರಿಯಾ ಸೇರಿತು. ಎಂಟು ವರ್ಷ ಕಳೆದರೂ, ಆಗ ಕಾಯಿಲೆ ಬಿದ್ದವರಲ್ಲಿ ಈ ತೊಂದರೆ ಉಳಿದವರಿಗಿಂತ ಹೆಚ್ಚಾಗಿಯೇ ಇತ್ತು. ನಮ್ಮ ವಿಜಯನಗರ ಜಿಲ್ಲೆಯ ಮಕರಬ್ಬಿಯಲ್ಲೂ 2021ರಲ್ಲಿ ಕಲುಷಿತ ನೀರು ಜೀವಗಳನ್ನು ತೆಗೆಯಿತು. ಅಂಥ ಕಡೆ ಬದುಕಿ ಉಳಿದವರ ಹೊಟ್ಟೆಯನ್ನೂ ವರ್ಷಗಟ್ಟಲೆ ವಿಚಾರಿಸುತ್ತಿರಬೇಕು. ಭೇದಿ ಹೆಚ್ಚು ದಿನ ಹಿಡಿದಷ್ಟೂ ಐಬಿಎಸ್ ಅಂಟುವ ಅಪಾಯ ಹೆಚ್ಚು. ಹೆಣ್ಣುಮಕ್ಕಳಿಗೆ, ಮೊದಲೇ ಚಿಂತೆಯಲ್ಲಿ ಬೆಂದವರಿಗೆ, ಆಂಟಿಬಯೋಟಿಕ್ ನುಂಗಿದವರಿಗೆ ಇನ್ನಷ್ಟು.

‘ಏನು ಹೊತ್ತಿದ್ದಿ?’ ಎಂದು ಕೇಳುವವರು ‘ಹಿಂದೆ ವಾಂತಿಭೇದಿ ಆಗಿತ್ತಾ? ಎಲ್ಲಿಯ ನೀರು ಕುಡಿದಿದ್ದಿ?’ ಎಂದೂ ಕೇಳಲಿ. ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಎಣ್ಣೆ ಬಟ್ಟಲನ್ನು ಬದಿಗಿಟ್ಟು ಆಸ್ಪತ್ರೆಗೆ ಕಳಿಸಬೇಕು. ಬಲಗಡೆಯ ಕೆಳಹೊಟ್ಟೆ ನೋಯುತ್ತಿದ್ದರಂತೂ ಕೈಯನ್ನೇ ಹಚ್ಚಬಾರದು: ಅದು ಊದಿದ ಅಪೆಂಡಿಕ್ಸ್ ಇರಬಹುದು, ತಡವಾದಷ್ಟೂ ಒಡೆಯುವ ಭಯ.